ಅಮ್ಮ ಹೊರಗೆ ಕೂತ ದಿನ

ವೇದಾವತಿಯ ಫಜೀತಿಗೆಲ್ಲ ಕಾರಣ ಒಂದು ಲೋಟ ಅಪ್ಪೆಹುಳಿ.

ಸಾಗರದ ಗಣಪತಿ ಕೆರೆಯ ಹಿಂದಿನ ಬೀದಿಯ ವಠಾರದಲ್ಲಿ ಅವಳು ಸಂಸಾರ ಹೂಡಿ ಎಂಟು ತಿಂಗಳಾಗಿತ್ತು. ಗಂಡ ಮಹಾಗಣಪತಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆಂದು ಪೇಟೆಯಲ್ಲಿ ತೆರೆದಿದ್ದ ಕಚೇರಿಯೊಂದರಲ್ಲಿ ಗುಮಾಸ್ತ. ಪಕ್ಕದ ಮನೆಯ ಪುಷ್ಪಮ್ಮ ಒಂದು ದಿನ ಅವಳು ಕೊಟ್ಟ ಆ ಮಾವಿನಮಿಡಿಯ ಹುಳಿಸಾರನ್ನು ಕುಡಿದು, ಲೋಟ ಕೆಳಗಿಡುವ ಮೊದಲೇ ಕೇಳಿದ್ದರು:

"ಇದನ್ನ ಯಾರೇ ಕಲಿಸಿದ್ದು ನಿಂಗೆ?"

"ಅಪ್ಪಯ್ಯ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ವೇದಾವತಿ ಅದನ್ನು ನುಂಗಿಕೊಂಡು "ಅಮ್ಮ" ಅಂದಳು.

ಹೊಸನಗರದ ಕಡೆಯ ಅವಳ ತವರಿನಲ್ಲಿ ಅಡಿಗೆ ಮಾಡುತ್ತಿದ್ದುದು ಅಪ್ಪಯ್ಯ. ತಿಂಗಳಿಗೆ ಮೂರು ದಿನ ಗಂಡಸರು ಒಲೆ ಹಚ್ಚುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅವರ ಮನೆಯಲ್ಲಿ ಮೂವತ್ತು ದಿನವೂ ಅದೇ. ಅಮ್ಮ ಶರಾವತಿ ಮಾಡಿದ ಅನ್ನ ತಳದಲ್ಲಿ ಗಂಜಿ, ಮೇಲೆ ಅಕ್ಕಿ. ಅವಳ ದೋಸೆ ಹಟ ಹಿಡಿದ ಮಗುವಿನಂತೆ ಕಾವಲಿಗೆ ಅಂಟಿಕೊಂಡು ಕೂತುಬಿಡುತ್ತಿತ್ತು. ಹೀಗಾಗಿ ಅಪ್ಪಯ್ಯ ಅಮ್ಮನನ್ನು ಒಳಗೆ ಕರೆದುಕೊಂಡು, ಅಡಿಗೆಮನೆಯ ಬಾಗಿಲು ಹಾಕಿ ತಾನೇ ಬೇಯಿಸುತ್ತಿದ್ದ. ಅಮ್ಮ ತಂದು ಬಡಿಸುತ್ತಿದ್ದಳು. ನೆಂಟರು ಹೊಗಳಿದರೆ ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ವೇದಾವತಿಯ ತಲೆಯೂ ತಗ್ಗುತ್ತಿತ್ತು, ನಗು ಮಾತ್ರ ಬರುತ್ತಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ತಮ್ಮ ತಮ್ಮ ಅಮ್ಮಂದಿರ ತಂಬುಳಿ, ಕಡುಬು ಎಂದು ಹೇಳಿಕೊಳ್ಳುವಾಗ ಅವಳೂ ಅಪ್ಪಯ್ಯನ ಕಡುಬನ್ನು ಅಮ್ಮನ ಹೆಸರಿಗೆ ಬರೆದುಬಿಡುತ್ತಿದ್ದಳು. ಮದುವೆ ಗೊತ್ತಾದ ಮೇಲೆ ಅಪ್ಪಯ್ಯ ಎರಡು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವಳಿಗೆ ಅಡಿಗೆ ಕಲಿಸಿದ್ದ. ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ.

ಈಗ ಅಮ್ಮ ಮಗಳ ಮನೆ ನೋಡಲು ಬರುತ್ತಿದ್ದಾಳೆಂದು ಕಾಗದ ಬಂತು. ಕಾಗದ ವೇದಾವತಿಯ ಕೈಗೆ ಬರುವ ಮೊದಲೇ ಸುದ್ದಿ ವಠಾರದ ಬಾಯಿಗೆ ಬಂದಿತ್ತು.

"ಬರ್ಲಿ ಬರ್ಲಿ. ಅವರ ಕೈಯಿಂದ್ಲೇ ಒಂದ್ಸಲ ಅಪ್ಪೆಹುಳಿ ಮಾಡ್ಸಣ. ನಾವು ನೋಡಿ ಕಲೀತೀವಿ," ಅಂದರು ಪುಷ್ಪಮ್ಮ. ಕೊನೆಯ ಮನೆಯ ಹೂವಮ್ಮ ಅಂದೇ ಒಂದು ಬುಟ್ಟಿ ಅಪ್ಪೆಮಿಡಿ ತರಿಸಿಟ್ಟರು.

ಆ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ವೇದಾವತಿಗೆ ಕಂಡದ್ದು ಒಂದೇ ಚಿತ್ರ: ಒಲೆಯ ಮುಂದೆ ತಬ್ಬಿಬ್ಬಾಗಿ ನಿಂತ ಅಮ್ಮ, ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಗುವ ವಠಾರ. ಬಸ್ಸು ಬಂದು ನಿಲ್ಲುವ ಹೊತ್ತಿಗೆ ಅವಳಿಗೊಂದು ಉಪಾಯ ಹೊಳೆದಿತ್ತು. ಅಮ್ಮ ಇಳಿದು ಬುಟ್ಟಿ ಕೈಗೆ ಕೊಡುತ್ತಿದ್ದಂತೆ ಮೆಲ್ಲಗೆ ಹೇಳಿದಳು:

"ಅಮ್ಮಾ, ನೀನು ಹೊರಗಾಗಿದ್ದೆ ಹೇಳಿ ಆನು ವಠಾರದಲ್ಲಿ ಹೇಳ್ತಿ."

ಅಮ್ಮ ಮಗಳ ಮುಖವನ್ನೇ ನೋಡಿದಳು. "ನಿಂತು ಏಳು ವರ್ಷ ಆತಲೇ ಕೂಸೇ. ಈಗ ನೀನು ಮತ್ತೆ ಶುರು ಮಾಡಿಸ್ತ್ಯಾ?"

ವೇದಾವತಿ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಅಮ್ಮನಿಗೆ ಸಿಟ್ಟು ಬರಬಹುದು, ಇಲ್ಲವೆ ಕಣ್ಣಲ್ಲಿ ನೀರು ಬರಬಹುದು ಎಂದುಕೊಂಡಿದ್ದಳು. ಎರಡೂ ಬರಲಿಲ್ಲ.

"ಅಡ್ಡಿಲ್ಲೆ. ಮೂರು ದಿನ ಕೂತಲ್ಲಿಗೇ ಊಟ ಬತ್ತು," ಅಂದಳು ಅಮ್ಮ.

ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿದ್ದಾಯಿತು. ಬೇರೆ ತಟ್ಟೆ, ಬೇರೆ ಲೋಟ ಇಟ್ಟದ್ದಾಯಿತು. ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಹತ್ತು ಗಂಟೆಗೆ ಪುಷ್ಪಮ್ಮ, ಹೂವಮ್ಮ ಇಬ್ಬರೂ ಮಿಡಿಯ ಬುಟ್ಟಿ, ತಮ್ಮ ತಮ್ಮ ಲೋಟ ಹಿಡಿದೇ ಬಂದರು.

"ಅಯ್ಯೋ, ಬಂದ ದಿನವೇ ಹೀಂಗಾಗ್ಬೇಕಾ," ಎಂದು ಪುಷ್ಪಮ್ಮ ದೂರದಿಂದಲೇ ಮರುಗಿದರು. ಹೂವಮ್ಮ ಮರುಗಲಿಲ್ಲ. ಅವರು ಹೆರಿಗೆ ಬಾಣಂತನಗಳಲ್ಲಿ ನುರಿತವರು. ಅಮ್ಮನ ನರೆತ ತಲೆಯನ್ನು ನೋಡಿ, ವೇದಾವತಿಯನ್ನು ಬಾವಿಕಟ್ಟೆಯ ಕಡೆಗೆ ಎಳೆದುಕೊಂಡು ಹೋದರು.

"ನಿಮ್ಮಮ್ಮಂಗೆ ವಯಸ್ಸೆಷ್ಟೇ?"

"ನಲ... ನಲವತ್ಮೂರು."

"ನಿಮ್ಮಣ್ಣಂಗೆ?"

ಅಣ್ಣನಿಗೆ ಮೂವತ್ತೆರಡೆಂದು ಅವಳೇ ಹಿಂದೊಮ್ಮೆ ಹೇಳಿಬಿಟ್ಟಿದ್ದಳು. ಹೂವಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ಹನ್ನೊಂದಕ್ಕೆ ಬಂದು ನಿಂತರು. ಆಮೇಲೆ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಮುಚ್ಚಿಡ್ಬೇಡ ಮಾರಾಯ್ತಿ. ಈ ವಯಸ್ಸಲ್ಲಿ ಹಿಂಗಾದ್ರೆ ಒಳ್ಳೇದಲ್ಲ. ನಾನು ಹೋಗಿ ಲೇಡಿ ಡಾಕ್ಟ್ರನ್ನ ಕರ್ಕೊಂಡ್ ಬರ್ತೀನಿ," ಅಂದರು.

ವೇದಾವತಿಗೆ ದಿಗಿಲಾಯಿತು. ಡಾಕ್ಟರು ಬಂದರೆ ಇರುವ ಸುಳ್ಳಿನ ಜೊತೆಗೆ ಇಲ್ಲದ ಕಾಯಿಲೆಯನ್ನೂ ತೋರಿಸಬೇಕು. ಹೂವಮ್ಮನ ಸೆರಗು ಹಿಡಿದು ನಿಲ್ಲಿಸುವುದರೊಳಗೆ ಜಗಲಿಯಿಂದ ಪುಷ್ಪಮ್ಮನ ಧ್ವನಿ ಕೇಳಿಸಿತು:

"ಹೂವಕ್ಕಾ, ಬನ್ನಿ ಇಲ್ಲಿ. ಮುಟ್ಟಬಾರ್ದು ಅಷ್ಟೇ ಹೊರ್ತು ಮಾತಾಡಬಾರ್ದು ಅಂತ ಎಲ್ಲಿದೆ? ಅವ್ರು ಕೂತಲ್ಲೇ ಹೇಳ್ತಾರೆ, ವೇದಾ ಮಾಡ್ತಾಳೆ. ನಾವು ನೋಡದು."

ಡಾಕ್ಟರ ಮಾತು ಅಲ್ಲಿಗೆ ನಿಂತಿತು. ವೇದಾವತಿಗೆ ಸಮಾಧಾನವೇನೂ ಆಗಲಿಲ್ಲ. ಅಮ್ಮ ಏನು ಹೇಳಿಯಾಳು? ಅವಳು ಹೇಳಿದ್ದನ್ನು ಹೇಳಲಿ, ನಾನು ಅಪ್ಪಯ್ಯ ಕಲಿಸಿದಂತೆ ಮಾಡಿದರಾಯಿತು ಎಂದು ಒಲೆಯ ಮುಂದೆ ಕೂತಳು. ಆದರೆ ಪುಷ್ಪಮ್ಮ ಹಿತ್ತಲ ಬಾಗಿಲಲ್ಲಿ, ಪರೀಕ್ಷೆಯ ಕೋಣೆಗೆ ಬಂದ ಇನ್‌ಸ್ಪೆಕ್ಟರರಂತೆ ನಿಂತುಬಿಟ್ಟರು. "ನಿಮ್ಮಮ್ಮ ಹೇಳಿದಷ್ಟೇ ಮಾಡು. ನಿನ್ನ ಜಾಣತನ ಸೇರಿಸ್ಬೇಡ."

ಹೊರಗಿನಿಂದ ಅಮ್ಮನ ಧ್ವನಿ ನಿಧಾನವಾಗಿ ಬಂತು.

"ಮಿಡಿ ಬೇಯ್ಸೂಕೆ ಮೊದ್ಲು ತೊಟ್ಟು ಮುರಿ. ಸೊನೆ ಚೆಲ್ಲಡ. ಎರಡು ಹನಿ ಉಪ್ಪಿನ ಮೇಲೆ ಬೀಳ್ಸಿ ಇಟ್ಕ."

ವೇದಾವತಿಯ ಕೈ ಅಲ್ಲೇ ನಿಂತಿತು. ಅಪ್ಪಯ್ಯ ತನಗೆ ಬೆನ್ನು ತಿರುಗಿಸಿ ಉಪ್ಪಿನ ಮರಿಗೆಯಲ್ಲಿ ಏನೋ ಮಾಡುತ್ತಿದ್ದುದನ್ನು ಅವಳು ಕಂಡಿದ್ದಳು. ಏನೆಂದು ಆತ ಅವಳಿಗೂ ಹೇಳಿರಲಿಲ್ಲ.

"ಬೆಂದಿದ್ದನ್ನ ಸೌಟಲ್ಲಿ ಕುಟ್ಟಡ, ಕೈಯಲ್ಲಿ ಕಿವುಚು. ಒಗ್ಗರಣೆಗೆ ಕೊಬ್ಬರಿ ಎಣ್ಣೆ, ಮೊದ್ಲು ಇಂಗು. ಸಾಸಿವೆ ಸುಮ್ಮನಾದ ಮೇಲೆ ಸೂಜಿಮೆಣಸು. ಆಮೇಲೆ ಮತ್ತೆ ಕುದಿಸಲಾಗ."

ಹೀಗೆ ಒಂದೊಂದಾಗಿ ಬಂತು, ಒಂದೂ ತಪ್ಪಲಿಲ್ಲ. ಹೂವಮ್ಮ ಮೊದಲ ಲೋಟ ಕುಡಿದು ಕಣ್ಣು ಮುಚ್ಚಿದರು. ಎರಡನೆಯದು ಕುಡಿದು, "ಇಷ್ಟು ನೆನಪಿರೋರಿಗೆ ಕಾಯಿಲೆ ಎಂತದು," ಅಂದರು. ಪುಷ್ಪಮ್ಮ ಮನೆಯವರಿಗೆಂದು ಒಂದು ಚೊಂಬು ತುಂಬಿಸಿಕೊಂಡರು. "ಮಗಳು ಮಾಡಿದ್ದು ಇದರ ಮುಂದೆ ಏನೂ ಅಲ್ಲ ಬಿಡಿ," ಎಂದು ವೇದಾವತಿಯ ಎದುರಿಗೇ ಹೇಳಿ ಹೊರಟರು.

ಅವರು ಹೋದ ಮೇಲೆ ವೇದಾವತಿ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅಮ್ಮಾ, ನಿಂಗೆ ಅಡಿಗೆ ಬತ್ತಾ?"

"ಬತ್ತು."

"ಮತ್ತೆ ಆ ಅನ್ನ? ಆ ದೋಸೆ?"

ಅಮ್ಮ ಚಾಚಿದ ಕಾಲು ಮಡಚಿ ಕೂತಳು. "ನಿನ್ನ ಅಪ್ಪಯ್ಯ ಜಗಲಿಲಿ ಕೂತ್ಕಂಡು ಊರವರ ಹತ್ರೆಲ್ಲ ಮಾತಾಡ್ತಿದ್ರು. ಯನ್ನ ಹತ್ರ ಒಂದು ಮಾತಿಲ್ಲೆ. ಬಡಿಸಿದ್ದು ಉಂಡು ಎದ್ದು ಹೋಗ್ತಿದ್ರು. ಅಡಿಗೆ ಕೆಟ್ರೆ ಮಾತ್ರ ಒಳಗೆ ಬಂದು ಬೈತಿದ್ರು. ಬೈದ್ರೂ ಅದು ಮಾತೇ ಅಲ್ದನೇ? ಬೈದು ಸಾಕಾಗಿ ಕಡೆಗೆ ತಾವೇ ಮಾಡೂಲೆ ಕೂತ್ರು. ಯಂಗೆ ಹೇಳೂಲೆ ಬತ್ತು, ಕೈಗೆ ಬತ್ತಿಲ್ಲೆ ಹೇಳಿ ಆನು ನಂಬಿಸಿದಿ. ಬಾಗಿಲು ಹಾಕ್ಕಂಡು ಆನು ಹೇಳ್ತಿದ್ದಿ, ಅವರು ಮಾಡ್ತಿದ್ರು. ಮಾಡ್ತಾ ಮಾಡ್ತಾ ಎಷ್ಟು ಮಾತಾಡ್ತಿದ್ರು ಗೊತ್ತಿದ್ದಾ?"

ವೇದಾವತಿಗೆ ಗೊತ್ತಿರಲಿಲ್ಲ. ಮುಚ್ಚಿದ ಬಾಗಿಲಿನ ಈಚೆ ಕೂತು, ಆಚೆಯವಳಿಗಾಗಿ ಹದಿನೈದು ವರ್ಷ ನಾಚಿಕೊಂಡಿದ್ದಷ್ಟೇ ಗೊತ್ತಿತ್ತು. ಆ ನಾಚಿಕೆಯನ್ನೆಲ್ಲ ಈಗ ಎಲ್ಲಿ ಇಡುವುದೆಂದು ತಿಳಿಯದೆ ಅವಳು ಮುಖ ಕೆಳಗೆ ಹಾಕಿದಳು.

"ನೀನೊಂದು ತಪ್ಪು ಮಾಡಿದೆ. ಮೊದಲ ದಿನವೇ ಚೊಲೋ ಅಡಿಗೆ ಮಾಡಿದೆ," ಅಂದಳು ಅಮ್ಮ.

ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮಹಾಗಣಪತಿ ಕಚೇರಿಯಲ್ಲಿ ಭಾರೀ ಮಾತುಗಾರನಂತೆ. ಮನೆಯಲ್ಲಿ ಅವನ ಬಾಯಿಂದ ದಿನಕ್ಕೆ ಬರುವುದು "ನೀರು" ಮತ್ತು "ಸಾಕು" ಎಂಬೆರಡು ಮಾತು. ವೇದಾವತಿ ಎದ್ದು ಒಳಗೆ ಹೋದಳು. ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ ತೆಗೆಯಲಿಲ್ಲ. ಬೇರೆ ಸಾರು ಮಾಡಿ ಮೂರು ಹಿಡಿ ಉಪ್ಪು ಸುರಿದಳು. ಅನ್ನದ ತಳ ಹೊತ್ತಿಸಿದಳು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ಗಂಡನ ದಾರಿ ನೋಡಿದಳು.

ಮಹಾಗಣಪತಿ ಬಂದು ಎಲೆಯ ಮುಂದೆ ಕೂತ. ಮೊದಲ ತುತ್ತು ಬಾಯಿಗಿಟ್ಟ. ಅವನ ಹುಬ್ಬು ಮೇಲೇರಿತು, ಕಣ್ಣಂಚಿನಲ್ಲಿ ನೀರು ಬಂತು. ವೇದಾವತಿ ಬೈಗುಳಕ್ಕಾಗಿ, ಹಬ್ಬಕ್ಕೆ ಕಾಯುವ ಹುಡುಗಿಯಂತೆ ಕಾದಳು.

ಅವನು ಹಿತ್ತಲ ಬಾಗಿಲ ಕಡೆಗೆ ನೋಡಿ, ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ: "ಅತ್ತೆ ಹೇಳಿಕೊಟ್ಟ ಅಡಿಗೆಯಡ. ದಾರಿಲಿ ಪುಷ್ಪಮ್ಮ ಹೇಳಿದ್ರು. ಭಾರೀ ಚೊಲೋ ಇದ್ದು. ಇನ್ನು ದಿನಾ ಹೀಂಗೇ ಮಾಡು."

ಮತ್ತೊಂದು ಸೌಟು ಸಾರು ಹಾಕಿಸಿಕೊಂಡು, ನಾಲ್ಕು ಲೋಟ ನೀರು ಕುಡಿದು, "ಸಾಕು" ಎಂದು ಎದ್ದು ಕಚೇರಿಗೆ ಹೋದ.

ವೇದಾವತಿ ಅದೇ ಅನ್ನ, ಅದೇ ಸಾರನ್ನು ಜಗಲಿಗೆ ಒಯ್ದು ಅಮ್ಮನ ತಟ್ಟೆಗೆ ಮೇಲಿನಿಂದ ಬಡಿಸಿದಳು. ಅಮ್ಮ ಒಂದು ತುತ್ತು ತಿಂದು, ನುಂಗಿ, ನೀರು ಕುಡಿದಳು.

"ಬೇಜಾರು ಮಾಡ್ಕಳಡ ಕೂಸೇ," ಅಂದಳು. "ನಿನ್ನ ಅಪ್ಪಯ್ಯನೂ ಮೊದಲ ಎರಡು ವರ್ಷ ಹೀಂಗೇ ಸುಮ್ಮನೆ ತಿಂದ್ರು."