ತಕ್ಕಡಿ ತಿದ್ದುವವನ ಶಾಲಾ ಸಂಚಾರ

ಹತ್ತು ಜನ ಹೇಳಿದ ಮಾತನ್ನು ಹನ್ನೊಂದನೆಯವನಾಗಿ ಹೇಳುವ ಸೌಭಾಗ್ಯ ನನಗೆ ಎಂದೂ ಒದಗಲಿಲ್ಲ. ಶಾಲೆಯನ್ನು ನಾಲ್ಕನೆಯ ಇಯತ್ತೆಗೇ ಬಿಟ್ಟವನು ನಾನು. ಆಮೇಲೆ ಕಲಿತದ್ದರಲ್ಲಿ ಅರ್ಧ ಗ್ರಂಥಾಲಯದ ಹರಿದ ಪುಸ್ತಕಗಳಿಂದ ಬಂದದ್ದು, ಉಳಿದರ್ಧ ಜನರೊಡನೆ ವಾದ ಮಾಡಿ ಸಂಪಾದಿಸಿದ್ದು. ಇದನ್ನು ನನ್ನ ಹೆಂಡತಿ ಮೊಂಡುತನವೆನ್ನುತ್ತಾಳೆ, ನಾನು ವೃತ್ತಿಧರ್ಮವೆನ್ನುತ್ತೇನೆ. ನಾನು ತಕ್ಕಡಿ ತಿದ್ದುವವನು. ಸರಕಾರದ ಪರವಾನಗಿ ಪಡೆದ ರಿಪೇರಿದಾರ. ಶಹಾಪುರದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಅಂಗಡಿಯಿದೆ, ಅದರ ಬೆನ್ನಿಗೇ ಮನೆ. ಖಾಲಿ ತಕ್ಕಡಿ ಒಂದು ಕಡೆಗೆ ವಾಲಿದರೆ ಸಮ ಮಾಡುವುದು, ಸವೆದ ತೂಕದ ಕಲ್ಲಿನ ತಳದ ಕುಳಿಗೆ ಸೀಸ ತುಂಬಿ ಅದರ ಕಳೆದುಹೋದ ಭಾರವನ್ನು ಮರಳಿಸುವುದು ನನ್ನ ಕೆಲಸ. ಅನುಮಾನವೇ ಬಂಡವಾಳವಾಗಿರುವ ಕಸುಬಿನಲ್ಲಿ ನಂಬಿಕೆಯಿಟ್ಟು ಕುಳಿತರೆ ಊರು ಮುಳುಗುತ್ತದೆ.

ನಮ್ಮ ಸೀಮೆಯನ್ನು ಬದಲಿಸಿದ್ದು ಕಾಲುವೆ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಕೇಳಿ ಕೇಳಿ ನನ್ನ ಪಿತ್ತ ಕೆರಳಿದೆ. ಕಾಲುವೆ ಬರುವ ಮೊದಲು ಜೋಳವನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಸೇರಿನ ತಲೆಯ ಮೇಲೆ ಗೋಪುರವೇಳಬೇಕೋ, ಬಾಯಿಗೆ ಸಪಾಟಾಗಬೇಕೋ ಎಂಬುದನ್ನು ಅಳೆಯುವವನ ಮನಸ್ಸು ನಿರ್ಧರಿಸುತ್ತಿತ್ತು. ಕಾಲುವೆಯ ಹಿಂದೆ ಭತ್ತ ಬಂತು, ಹತ್ತಿ ಹೆಚ್ಚಿತು, ಲಾರಿಗಳು ಬಂದವು, ಎಲ್ಲವೂ ಕ್ವಿಂಟಲಿಗೆ ತಿರುಗಿತು. ನೀರು ಗದ್ದೆಗೆ ಬಂದದ್ದು ನಿಜವೇ. ಆದರೆ ಗದ್ದೆಯ ಬೆಳೆ ಮನೆಗೆ ರೊಕ್ಕವಾಗಿ ಬರಬೇಕಾದರೆ ತಕ್ಕಡಿಯನ್ನು ದಾಟಿಯೇ ಬರಬೇಕಷ್ಟೆ? ಕಾಲುವೆಗೆ ಉದ್ಘಾಟನೆಯ ಕಲ್ಲು ನೆಟ್ಟಿದ್ದಾರೆ, ಹಾರ ಹಾಕಿದ್ದಾರೆ. ತಕ್ಕಡಿ ತಿದ್ದಿದವನಿಗೆ ಒಂದು ಕಪ್ಪು ಚಹಾ ಕುಡಿಸಿದವರನ್ನು ನಾನು ಇನ್ನೂ ಕಾಣಬೇಕಾಗಿದೆ.

ಇಷ್ಟು ದಿನ ಈ ಸಿಟ್ಟನ್ನು ಮನೆಯೊಳಗೇ ಇಟ್ಟುಕೊಂಡಿದ್ದೆ. ಆದರೆ ಈಚೆಗೆ ನನ್ನ ಕಣ್ಣು ಮಂದವಾಯಿತು. ತಕ್ಕಡಿಯ ನಡುವಿನ ಮುಳ್ಳು ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂಬುದಕ್ಕೆ ಹೆಂಡತಿಯನ್ನು ಕರೆಯಬೇಕಾಯಿತು. ಆಕೆ ಒಲೆಯ ಮುಂದಿನಿಂದ ಎದ್ದು ಬಂದು, ನೋಡದೆಯೇ, “ನೆಟ್ಟಗೈತಿ ತಗೋರಿ” ಎಂದು ಹೋಗುತ್ತಾಳೆ. ಹೀಗಾದರೆ ಕಸುಬು ಉಳಿಯುವುದು ಹೇಗೆ? ನಾನು ಬಾಗಿಲು ಹಾಕಿದರೆ ಸುರಪುರ, ಕೆಂಭಾವಿಗಳ ತಕ್ಕಡಿಗಳೆಲ್ಲ ಕಲಬುರಗಿಗೆ ಹೋಗಬೇಕು. ಕಲಬುರಗಿಗೆ ಹೋಗಬೇಕಾದ ತಕ್ಕಡಿ ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲಿಯೇ ಸುಳ್ಳು ಹೇಳಿಕೊಂಡು ಕೂಡುತ್ತದೆ. ಒಬ್ಬ ಶಿಷ್ಯನಾದರೂ ಬೇಕೆಂದು, ಚಿಕ್ಕ ಮಕ್ಕಳಿಂದ ಹಿಡಿದು ಪದವಿಯವರ ತನಕ ಎಲ್ಲರಿಗೂ ನನ್ನ ಕಸುಬಿನ ಅರಿವು ಮೂಡಿಸಲು ಸಂಕಲ್ಪ ಮಾಡಿ, ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೊದಲು ಹೋದದ್ದು ಒಂದು ಪ್ರಾಥಮಿಕ ಶಾಲೆಗೆ. ತಕ್ಕಡಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಹುಣಸೆಬೀಜಗಳನ್ನು ಒಂದೊಂದಾಗಿ ತಟ್ಟೆಗೆ ಹಾಕುತ್ತ ಮಕ್ಕಳಿಗೆ ಎಣಿಸಲು ಹೇಳಿದೆ. ಮಕ್ಕಳು ಒಕ್ಕೊರಲಿನಿಂದ, “ಲಾಭ, ಎರಡು, ಮೂರು” ಎಂದು ಆರಂಭಿಸಿದರು. ನನ್ನ ಕಣ್ಣು ತುಂಬಿತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನಬಾರದು, ಲಾಭ ಎನ್ನಬೇಕು. ಏಳರ ಹೆಸರನ್ನೆತ್ತದೆ ಮತ್ತೊಂದು ಎಂದು ದಾಟಿಹೋಗಬೇಕು. ಇದು ನಮ್ಮ ಹಿರಿಯರ ರೂಢಿ; ಮಕ್ಕಳು ಮನೆಯವರ ಬಾಯಲ್ಲಿ ಕೇಳಿದ್ದು ತಕ್ಕಡಿ ಕಂಡೊಡನೆ ಹೊರಬಂದಿತ್ತು. ಆದರೆ ಪಾಠ ಹೇಳುವ ಶಿಕ್ಷಕಿ ಹಣೆ ಗಂಟಿಕ್ಕಿದರು. ವರ್ಷವಿಡೀ ಒಂದು, ಎರಡು ಎಂದು ಕಲಿಸಿದ್ದನ್ನು ನಾನು ಒಂದು ಗಳಿಗೆಯಲ್ಲಿ ಅಳಿಸಿದೆನಂತೆ.

“ಮುತ್ಯಾ, ನೀವು ಬಂದಿದ್ದು ತಕ್ಕಡಿ ತೋರಸಾಕೋ, ನಮ್ಮ ಹುಡುಗರ ಲೆಕ್ಕ ಕೆಡಸಾಕೋ?” ಎಂದರು.

ಲೆಕ್ಕದ ಪುಸ್ತಕಕ್ಕಿಂತ ಕಣ ಹಳೆಯದು ಎಂದು ನಾನು ವಾದಿಸಿದೆ. ವಾದ ಬಿಸಿಯೇರಿತು. ಅಷ್ಟರಲ್ಲಿ ಒಬ್ಬ ಹುಡುಗ ತಟ್ಟೆಯಲ್ಲಿ ಕುಳಿತು ಉಯ್ಯಾಲೆಯಾಡಿ, ನನ್ನ ನಲವತ್ತು ವರ್ಷದ ತಕ್ಕಡಿಯ ಕೊಂಡಿಯನ್ನು ಎಳೆದು ಉದ್ದ ಮಾಡಿದ್ದ. ಅರಿವು ಮೂಡಿಸಲು ಹೋದವನು ರಿಪೇರಿ ಹೊತ್ತುಕೊಂಡು ಬಂದೆ.

ಪ್ರೌಢಶಾಲೆಯಲ್ಲಿ ಶಿಸ್ತು ಹೆಚ್ಚು. ಎಲ್ಲರೂ ಕೈಕಟ್ಟಿ ಕೇಳಿದರು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಹಿಂದಿನ ಬೆಂಚಿನವನೊಬ್ಬ ಎದ್ದು ಈ ಕೆಲಸಕ್ಕೆ ಪಿಂಚಣಿ ಇದೆಯೇ ಎಂದು ಕೇಳಿದ. ಇಲ್ಲವೆಂದೆ. ಆ ಒಂದು ಉತ್ತರದಿಂದ ಎಲ್ಲರ ಸಂಶಯಗಳೂ ಏಕಕಾಲಕ್ಕೆ ನಿವಾರಣೆಯಾದವು.

ಪದವಿ ಕಾಲೇಜಿನ ಸಂಗತಿಯನ್ನು ನೆನೆದರೆ ಇಂದಿಗೂ ರಕ್ತ ಕುದಿಯುತ್ತದೆ. ನನ್ನನ್ನು ಪರಿಚಯಿಸಲು ನಿಂತ ಉಪನ್ಯಾಸಕರು ತಕ್ಕಡಿ ಹುಟ್ಟಿದ್ದು ಈಜಿಪ್ಟಿನಲ್ಲಿ ಎಂದು ಆರಂಭಿಸಿ, ನ್ಯಾಯದೇವತೆಯ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ, ಗಂಟೆ ಬಾರಿಸುವ ಹೊತ್ತಿಗೆ ನನ್ನ ಹೆಸರಿಗೆ ಬಂದರು. ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಒಂದು ಕೈಯಲ್ಲಿ ತಕ್ಕಡಿ ಹಿಡಿದಿದ್ದಾಳೆ. ಇದನ್ನು ಇಷ್ಟು ಕಾಲ ಇಷ್ಟು ವಿದ್ವಾಂಸರು ಹೇಗೆ ಸಹಿಸಿಕೊಂಡರು? ಕಣ್ಣು ಕಟ್ಟಿಕೊಂಡವಳು ಮುಳ್ಳು ನೋಡುವುದು ಯಾವುದರಿಂದ? ಇನ್ನೊಂದು ಕೈಯಲ್ಲಿ ಕತ್ತಿ ಬೇರೆ; ತೂಕ ಸರಿಯಿದೆಯೇ ಎಂದು ಕೇಳುವ ಧೈರ್ಯ ಯಾರಿಗುಂಟು? ನನ್ನ ಅಂಗಡಿಗೆ ಆಕೆ ಬಂದರೆ ಮೊದಲು ಬಟ್ಟೆ ಬಿಚ್ಚಿಸಿ, ಕತ್ತಿಯನ್ನು ಮೂಲೆಗಿಡಿಸಿ, ತಕ್ಕಡಿಯನ್ನು ಗೂಟಕ್ಕೆ ತೂಗುಹಾಕಿಸುತ್ತೇನೆ ಎಂದು ಅಲ್ಲಿಯೇ ಹೇಳಿಬಿಟ್ಟೆ. ಬಟ್ಟೆಯೆಂದರೆ ಕಣ್ಣಿನದು, ಸಭೆಯಲ್ಲಿ ಇದನ್ನು ಬಿಡಿಸಿ ಹೇಳಲು ಮರೆತು ಒಂದಿಷ್ಟು ಗದ್ದಲವಾಯಿತು. ಗದ್ದಲ ಇಳಿದ ಮೇಲೆ ಒಬ್ಬ ವಿದ್ಯಾರ್ಥಿ, ಈಗ ಕರೆಂಟಿನ ತಕ್ಕಡಿ ಬಂದಿದೆ, ಅದು ತಪ್ಪುವುದೇ ಇಲ್ಲ, ನಿಮ್ಮ ಕೆಲಸವೇನು ಎಂದು ಕೇಳಿದ. ಅದು ತಪ್ಪುವುದಿಲ್ಲವೆಂದು ಯಾರು ಹೇಳಿದರು ಎಂದು ಕೇಳಿದೆ. ಅದರಲ್ಲಿ ಅಂಕಿ ಕಾಣಿಸುತ್ತದೆ ಎಂದ. ನೋಡಿ, ಕೆಂಪಗೆ ಹೊಳೆದರೆ ಸಾಕು, ಪದವೀಧರನಿಗೂ ಅದು ವೇದವಾಕ್ಯ. ನಾನು ಚೀಲ ಕಟ್ಟಿದೆ. ಈ ಸೀಮೆಗೆ ತಕ್ಕಡಿಯೂ ಬೇಡ, ಸತ್ಯವೂ ಬೇಡ, ಹಾಳಾಗಿ ಹೋಗಲಿ ಎಂದುಕೊಂಡೆ.

ಮರುವಾರ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ಹೆಸರು ಶಿವಲೀಲಾ, ಆ ಕಾಲೇಜಿನವಳೇ. ಅವಳ ತಾಯಿ ಕೆಂಭಾವಿ ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಾಳೆ. ಕೆಲಸ ಕಲಿಯಬೇಕೆಂದಳು. ನಾನು ಉಬ್ಬಿಹೋದೆ. ಮಧ್ಯಾಹ್ನದ ಹೊತ್ತಿಗೆಲ್ಲ ಗಾಳಿ ಇಳಿಯಿತು.

ನನ್ನ ಪೆಟ್ಟಿಗೆಯಲ್ಲಿ ಮಕಮಲ್ಲಿನ ಬಟ್ಟೆಯಲ್ಲಿ ಸುತ್ತಿಟ್ಟ ಹಿತ್ತಾಳೆಯ ಒಂದು ಕಿಲೋ ಕಲ್ಲಿದೆ. ಉಳಿದ ಕಲ್ಲುಗಳನ್ನೆಲ್ಲ ಅದರೊಡನೆ ಹೋಲಿಸಿಯೇ ತಿದ್ದುವುದು. ಅದನ್ನು ದೇವರ ಮೂರ್ತಿಯಂತೆ ಹೊರತೆಗೆದು ತೋರಿಸಿದೆ.

“ಇದು ಬರೋಬ್ಬರಿ ಐತಂತ ಹೆಂಗ ನಂಬಬೇಕ್ರಿ ಮುತ್ಯಾ?”

“ಯಾದಗಿರಿ ಕಚೇರಿಯೊಳಗ ಇದರ ಹಿರಿಯ ಕಲ್ಲು ಐತಿ. ಅದರ ಜೋಡಿ ತೂಗಿ ಮುದ್ರೆ ಹಾಕ್ಯಾರ.”

“ಅದು ಬರೋಬ್ಬರಿ ಐತೇನ್ರಿ?”

“ಅದಕ್ಕೂ ಮ್ಯಾಲೆ ಒಂದು ಬೆಂಗಳೂರಾಗ ಐತವ್ವಾ.”

“ಅದನ್ನ ಯಾರು ತೂಗ್ಯಾರ್ರಿ?”

ದಿಲ್ಲಿಯ ತನಕ ಹೋದೆ. ದಿಲ್ಲಿಯ ಆಚೆ ನನಗೂ ಗೊತ್ತಿರಲಿಲ್ಲ. ಸಾಕು, ಹಿರಿಯರು ಹೇಳಿದಾಗ ಕೇಳಬೇಕು ಎಂದುಬಿಟ್ಟೆ. ಈ ವಾಕ್ಯ ನನ್ನ ಬಾಯಿಂದ ಬಂದದ್ದನ್ನು ಕೇಳಿ ಒಳಗಿದ್ದ ಹೆಂಡತಿ ಸೌಟನ್ನು ಕೆಳಗಿಟ್ಟು ಹೊರಗೆ ಬಂದು ನನ್ನ ಮುಖ ನೋಡಿದಳು.

ಅಂದಿನಿಂದ ನನಗೆ ಸುಖವಿಲ್ಲ. ಕಾಲುವೆಯ ಕುರಿತ ನನ್ನ ಸಿದ್ಧಾಂತವನ್ನು ಮಂಡಿಸಿದರೆ, ನೀರಿಲ್ಲದಿದ್ದರೆ ಏನನ್ನು ತೂಗುತ್ತಿದ್ದಿರಿ ಎನ್ನುತ್ತಾಳೆ ಶಿವಲೀಲಾ. ಸೀಸ ಕಾಯಿಸುವುದು ಹೀಗೆಯೇ ಎಂದರೆ, ಹಾಗೆ ಏಕಾಗಬಾರದು ಎಂದು ಇನ್ನೊಂದು ರೀತಿ ಮಾಡಿ ಕೈ ಸುಟ್ಟುಕೊಳ್ಳುತ್ತಾಳೆ. ಕೆಲವೊಮ್ಮೆ ಸುಟ್ಟುಕೊಳ್ಳುವುದಿಲ್ಲ, ಅದು ಇನ್ನೂ ಅವಮಾನ. ನಾನು ಸರಿ ಎಂದು ಕೊಟ್ಟ ತಕ್ಕಡಿಯನ್ನು ಗಿರಾಕಿ ಒಯ್ಯುವ ಮುನ್ನ ಮತ್ತೊಮ್ಮೆ ತೂಗುಹಾಕಿ ನೋಡುತ್ತಾಳೆ. ಈಗ ಗಿರಾಕಿಗಳೂ ಬಾಗಿಲಲ್ಲಿ ನಿಂತು, “ಅಕ್ಕಾ ನೋಡ್ಯಾಳೇನ್ರಿ?” ಎಂದು ನನ್ನನ್ನೇ ಕೇಳುತ್ತಾರೆ. ಜೀವನವಿಡೀ ಅನುಮಾನವನ್ನು ಬಿತ್ತಿದವನು ನಾನು; ಬೆಳೆ ಹೀಗೆ ಸ್ವಂತ ಹೊಸ್ತಿಲಲ್ಲೇ ಏಳುವುದೆಂದು ಯಾವ ಪುಸ್ತಕವೂ ತಿಳಿಸಿರಲಿಲ್ಲ. ಇವಳನ್ನು ನಾಳೆಯೇ ಕಳಿಸಿಬಿಡುತ್ತೇನೆಂದು ದಿನಕ್ಕೊಮ್ಮೆ ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡುತ್ತೇನೆ.

ಮೊನ್ನೆ ಅವಳ ಬಸ್ಸು ತಡವಾಯಿತು. ಹೊತ್ತೇರಿ ಬಿಸಿಲು ಚುರುಗುಟ್ಟಿದರೂ ಬರಲಿಲ್ಲ. ನಾನು ನಿರಾಳವಾಗಿ ಕೆಲಸಕ್ಕೆ ಕುಳಿತೆ, ಎದ್ದೆ, ಓಣಿಯ ತುದಿಯವರೆಗೆ ಹೋಗಿ ನೋಡಿದೆ, ಬಂದು ಕುಳಿತೆ, ಮತ್ತೆ ಹೋದೆ. ಕೊನೆಗೆ ಚೀಲ ಹೆಗಲಿಗೇರಿಸಿಕೊಂಡು ಬಂದವಳು ನನ್ನನ್ನು ರಸ್ತೆಯಲ್ಲಿ ಕಂಡು, “ನನಗ ಕಾಯಾಕತ್ತಿದ್ರೇನ್ರಿ ಮುತ್ಯಾ?” ಎಂದು ಕೇಳಿದಳು.

ನಿನಗೇಕೆ ಕಾಯಲಿ, ಮೋಡ ಕವಿದಿದೆಯಲ್ಲ, ಮಳೆ ಬರುವುದೋ ಏನೋ ಎಂದು ನೋಡಲು ಬಂದೆ ಎಂದು ಗಡುಸಾಗಿ ಹೇಳಿದೆ.

ಅವಳು ನಿಂತಲ್ಲೇ ತಲೆಯೆತ್ತಿ, ಆಕಾಶವನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ಪರೀಕ್ಷಿಸಿದಳು.