ನಮ್ಮತ್ತೆ ಒಯ್ದ ಹಳೇ ಪೆಟ್ಟಿಗೆ

ಮನೆಗೆ ನೆಂಟರು ಬರುತ್ತಾರೆ ಅಂದರೆ ಎಲ್ಲರೂ ಹಾಸಿಗೆ ಸರಿಮಾಡುತ್ತಾರೆ, ಹಾಲು ಜಾಸ್ತಿ ತರಿಸುತ್ತಾರೆ. ನಮ್ಮತ್ತೆ ಬರುತ್ತಾರೆ ಅಂದರೆ ನಾವು ಮೊದಲು ಕಸದ ಬುಟ್ಟಿ ಬಚ್ಚಿಡುತ್ತೇವೆ!

ಅತ್ತೆ ಅಂದರೆ ಗಂಡನ ತಾಯಿ ಅಲ್ಲ, ನಮ್ಮಪ್ಪನ ತಂಗಿ. ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಈಗ ಎಪ್ಪತ್ತರ ಹತ್ತಿರ. ಎಸೆದದ್ದು ಯಾವುದೂ ಅವರ ಕಣ್ಣು ತಪ್ಪಿಸುವುದಿಲ್ಲ. ನಮ್ಮ ಸತ್ತ ಮಿಕ್ಸಿಯ ಮೋಟರ್ ಅವರ ಹಿತ್ತಲಲ್ಲಿ ಬಾವಿಯ ರಾಟೆಯಂಥ ಏನನ್ನೋ ತಿರುಗಿಸುತ್ತಿದೆ. ಕೊಡೆಯ ಕಡ್ಡಿಗಳ ಮೇಲೆ ಅವರ ಹಾಗಲಬಳ್ಳಿ ಹಬ್ಬಿದೆ. "ಇವಳು ಕೆಟ್ಟದ್ದು ಯಾವುದನ್ನೂ ಬಿಸಾಕಲ್ಲ ಮಾರಾಯ್ತಿ. ನಾನಿನ್ನೂ ಈ ಮನೇಲಿರೋದು ಅದೇ ಧೈರ್ಯದ ಮೇಲೆ!" ಅನ್ನುತ್ತಾರೆ ಮಾವ.

ಹೋದ ವರ್ಷ ಶಿವಮೊಗ್ಗದ ಗೋಪಾಳದ ನಮ್ಮ ಮನೆಗೆ ಬಂದಾಗ ಅವರ ಕೈಗೆ ಸಿಕ್ಕಿದ್ದು ನಮ್ಮ ಹಳೇ ಸ್ಮಾರ್ಟ್ ಹಬ್. ಸೋಪಿನ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ. ಮನೆಯ ದೀಪ, ಫ್ಯಾನು, ಗೀಸರ್ ಎಲ್ಲಾ ಫೋನಿನ ಮಾತು ಕೇಳುವಂತೆ ಮಾಡುವುದು ಅದರ ಕೆಲಸ. ಮಾಡುತ್ತಿತ್ತೇ? ದೀಪ ಹಾಕು ಅಂದರೆ ಸುಮ್ಮನಿರುವುದು, ಬೇಡ ಅಂದಾಗ ಹಾಕುವುದು, ನಡುವೆ ತಾನೇ ಆರಿಹೋಗುವುದು! ರೋಸಿಹೋಗಿ ನಮ್ಮ ಯಜಮಾನರು ಹೊಸ ಹಬ್ ತಂದು, ಇದನ್ನು ಶೂ ಸ್ಟ್ಯಾಂಡಿನ ಮೇಲೆ ಎಸೆದಿದ್ದರು. ಅದರ ಜೊತೆ ಬಂದಿದ್ದ ಎರಡು ಬಲ್ಬು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಸೆನ್ಸರೂ ಅಲ್ಲೇ ಬಿದ್ದಿದ್ದವು. ಆ ಸೆನ್ಸರನ್ನು ಬೀರುವಿಗೆ ಅಂಟಿಸಿದರೆ, ಬೀರು ಅಲ್ಲಾಡಿದ ಕೂಡಲೇ ಸುದ್ದಿ ಮುಟ್ಟಿಸುತ್ತದಂತೆ. ನಮ್ಮ ಬೀರುವನ್ನು ಅಲ್ಲಾಡಿಸಲು ಯಾವ ಕಳ್ಳನೂ ಬರಲಿಲ್ಲ, ಅದೇ ಬೇಜಾರು!

"ಇದೇನೇ ಇದು?"

"ಕೆಟ್ಟುಹೋಗಿದೆ ಅತ್ತೆ."

"ಕೆಟ್ಟಿದೆ ಅಂತ ಯಾರು ಹೇಳಿದ್ದು?"

ಹೊರಡುವಾಗ ಕುಂಕುಮ ಕೊಟ್ಟು, ಎಲೆ ಅಡಿಕೆ, ರವಿಕೆ ಬಟ್ಟೆ ಕೊಟ್ಟೆ. ಆ ರವಿಕೆ ಬಟ್ಟೆಯಲ್ಲೇ ಪೆಟ್ಟಿಗೆ, ಬಲ್ಬು, ಸೆನ್ಸರ್ ಎಲ್ಲವನ್ನೂ ಗಂಟುಕಟ್ಟಿ, ತವರಿನಿಂದ ಬಾಗಿನ ಸಿಕ್ಕಿದಷ್ಟು ಸಂಭ್ರಮದಲ್ಲಿ ಬಸ್ಸು ಹತ್ತಿದರು.

ಎರಡು ದಿನ ಕಳೆಯಿತು. ಸಂಜೆ ಏಳಕ್ಕೆ ನಮ್ಮ ಯಜಮಾನರ ಮೇಲಧಿಕಾರಿ ಹೆಂಡತಿ ಸಮೇತ ಮನೆಗೆ ಬಂದಿದ್ದರು. ಕಾಫಿ ಲೋಟ ಅವರ ತುಟಿಗೆ ತಾಗುವುದಕ್ಕೂ ಮನೆಯ ದೀಪವೆಲ್ಲ ಆರುವುದಕ್ಕೂ ಸರಿಹೋಯಿತು! ಕರೆಂಟು ಹೋಯಿತೆಂದುಕೊಂಡರೆ ಎದುರುಮನೆಯಲ್ಲಿ ದೀಪ ಉರಿಯುತ್ತಿದೆ. ಯಜಮಾನರು ಫೋನಿನಿಂದ ಹಾಕಿದರು. ಮತ್ತೆ ಆರಿತು. ಹಾಕಿದರು. ಆರಿತು. ಅಧಿಕಾರಿಯ ಬಿಳಿ ಅಂಗಿಯ ಮೇಲೆ ಕಾಫಿ! ಆಗ ಯಜಮಾನರಿಗೆ ಜ್ಞಾನೋದಯವಾಯಿತು. ಹೊಸದು ಬಂದ ಮೇಲೆ ಹಳೇ ಹಬ್ಬನ್ನು ನಮ್ಮ ಖಾತೆಯಿಂದ ತೆಗೆಯುವುದನ್ನೇ ಮರೆತಿದ್ದರು. ಅತ್ತೆ ಅದನ್ನು ತಮ್ಮ ಮನೆಯ ವೈಫೈಗೆ ಜೋಡಿಸಿ ಬೆನ್ನಿನ ಗುಂಡಿ ಒತ್ತಿದರೆ 'ಎಲ್ಲ ದೀಪ ಆರಿಸು' ಎಂಬ ಆಜ್ಞೆ ಇಂಟರ್ನೆಟ್ಟಿನಲ್ಲಿ ಹರಿದು ನಮ್ಮ ಮನೆಗೇ ಬರುತ್ತಿತ್ತು.

ನಾನು ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಏನ್ ಮಾಡ್ತಿದ್ದೀರಿ?"

"ಏನಿಲ್ಲ ಕಣೇ. ಒಂದು ಗುಂಡಿ ಇದೆ, ಎಷ್ಟು ಸಲ ಒತ್ತಿದ್ರೂ ಏನೂ ಆಗ್ತಿಲ್ಲ."

"ಆಗ್ತಿದೆ ಅತ್ತೆ, ಇಲ್ಲಿ ಆಗ್ತಿದೆ! ಮನೆಯೆಲ್ಲ ಕತ್ತಲೆ!"

"ಹೌದಾ? ಇರು, ಇನ್ನೊಂದ್ಸಲ ಒತ್ತಿ ನೋಡ್ತೀನಿ!"

ಭದ್ರಾವತಿಯಲ್ಲಿ ಕೂತು ಶಿವಮೊಗ್ಗದ ದೀಪ ಆರಿಸಿದ ಕೀರ್ತಿ ನಮ್ಮತ್ತೆಗಲ್ಲದೆ ಇನ್ಯಾರಿಗೆ ಸಲ್ಲಬೇಕು?

ಯಜಮಾನರು ಆ ರಾತ್ರಿಯೇ ಹಳೇ ಹಬ್ಬಿನ ಹೆಸರು ಅಳಿಸಿದರು. ಮರುದಿನ ಅತ್ತೆ ಹೇರ್‌ಪಿನ್ನನ್ನು ಅದರ ಸಣ್ಣ ತೂತಿಗೆ ಚುಚ್ಚಿ ಹತ್ತು ಎಣಿಸಿ, ಪೆಟ್ಟಿಗೆ ತನ್ನ ಹಿಂದಿನದನ್ನೆಲ್ಲ ಮರೆಯುವಂತೆ ಮಾಡಿದರು. ಆದರೆ ಹಳೇ ಚಾಳಿ ಹೋಗಲಿಲ್ಲ. ಐದು ನಿಮಿಷ ಸರಿಯಾಗಿರುವುದು, ಆರಿಹೋಗುವುದು. ನಮ್ಮ ಯಜಮಾನರು ಫೋನಿನಲ್ಲಿ, "ಅದರ ಆಯಸ್ಸು ಮುಗೀತು, ಬಿಟ್ಟುಬಿಡಿ ಅತ್ತೆ" ಅಂದರು. ಅವರು ಬಿಟ್ಟರೆ ತಾನೇ! ಮೂರನೆಯ ದಿನ ಬೆಳಗ್ಗೆ ಫೋನ್ ಬಂತು.

"ನಿನ್ನ ಗಂಡನಿಗೆ ಹೇಳು, ಪೆಟ್ಟಿಗೆಗೆ ಏನೂ ಆಗಿಲ್ಲ. ಅಡಾಪ್ಟರ್ ಸೊರಗಿದೆ. ನಮ್ಮ ಹಳೇ ಮೋಡೆಮ್ಮಿನ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟೇಜು ಸರಿಹೋಗುತ್ತೆ ಅಂತ ಓದಿ ನೋಡಿ ಹಾಕಿದೆ, ನಿನ್ನೆಯಿಂದ ಗಟ್ಟಿಮುಟ್ಟಾಗಿದೆ. ಅನ್ನ ಹಾಕದೆ ಕೆಲಸ ಮಾಡು ಅಂದ್ರೆ ಅದಾದರೂ ಏನು ಮಾಡುತ್ತೆ ಪಾಪ!"

ಹೊಸ ಹಬ್ ತಂದ ನಮ್ಮ ಯಜಮಾನರು ಅವತ್ತಿಡೀ ಪೇಪರಿನಿಂದ ತಲೆ ಎತ್ತಲಿಲ್ಲ. ನನಗೋ, ತಡೆಯಲಾರದ ಹೆಮ್ಮೆ! ಎದುರುಮನೆಯವರಿಗೆ, ತರಕಾರಿಯವಳಿಗೆ, ಸಿಟಿ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳಿಕೊಂಡು ಬಂದೆ.

ಸರಿ, ಪೆಟ್ಟಿಗೆ ಬದುಕಿತು. ಆದರೆ ಯಾತಕ್ಕೆ? "ನಮ್ಮನೇಲಿರೋದೇ ನಾಲ್ಕು ಸ್ವಿಚ್ಚು. ಅದನ್ನ ಹಾಕೋಕೆ, ಆರಿಸೋಕೆ ನಾನೇ ಇದೀನಲ್ಲ" ಎಂದು ಮಾವನಿಗೂ ಅನುಮಾನ. ಆ ಭಾನುವಾರ ಭದ್ರಾವತಿಗೆ ಹೋದೆ. ನಡುಮನೆಯಲ್ಲಿ ಒಂದು ಮರದ ತೊಟ್ಟಿಲು. ಅತ್ತೆ ಅದರೊಳಗೆ ಬಗ್ಗಿ ನೋಡುತ್ತಿದ್ದಾರೆ. ನಾನೂ ಬಗ್ಗಿದೆ. ಒಳಗೆ, ಕುಲಾವಿ ತೊಟ್ಟು, ಒಂದು ತೆಂಗಿನಕಾಯಿ ಮಲಗಿದೆ!

ಅತ್ತೆಗೆ ಮಕ್ಕಳಿಲ್ಲ. ಮಾವನ ಮುಖ ನೋಡಿದೆ. "ಗಾಬರಿಯಾಗಬೇಡ. ಬೆಳಗ್ಗಿನಿಂದ ಮೂರು ಕಾಯಿ ಬದಲಾಯಿಸಿದಾಳೆ. ಇದು ಸ್ವಲ್ಪ ಸಾಧು" ಅಂದರು.

ಅತ್ತೆ ಕಾಯಿಯನ್ನು ಮೆಲ್ಲಗೆ ಉರುಳಿಸಿದರು. ಅಡಿಗೆಮನೆಯಲ್ಲಿ ಬಲ್ಬು ಪಕ್ಕನೆ ಹತ್ತಿತು. "ನೋಡಿದ್ಯಾ?" ಅಂತ ನನ್ನ ಕಡೆ ತಿರುಗಿದಾಗ ಅವರ ಮುಖ ಬಲ್ಬಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಆಮೇಲೆ ವಿಷಯ ಹೇಳಿದರು. ಪಕ್ಕದ ಮನೆಯ ಸೆಲ್ವಿ ಹೊಲಿಗೆಯವಳು. ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತಿಲ್ಲ. ಗಂಡ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿರುವುದಿಲ್ಲ. ನಾಲ್ಕು ತಿಂಗಳ ಹೆಣ್ಣು ಕೂಸು. ಒಂದು ದಿನ ಸೆಲ್ವಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕೂಸು ಅತ್ತು ಅತ್ತು, ಅತ್ತೆ ಓಡಿಹೋಗಿ ಎತ್ತಿಕೊಳ್ಳುವಷ್ಟರಲ್ಲಿ ಉಸಿರು ಕಟ್ಟುವಂತಾಗಿತ್ತಂತೆ. ತಾಯಿಗೆ ಗೊತ್ತಾದದ್ದು ಅತ್ತೆ ಕೂಸನ್ನು ತಂದು ಮುಂದೆ ಹಿಡಿದಾಗಲೇ. ಅವತ್ತಿನಿಂದ ಅವಳು ತೊಟ್ಟಿಲು ಬಿಟ್ಟು ಕದಲುವುದಿಲ್ಲ. ಹೊಲಿಗೆ ನಿಂತಿದೆ. ಕೂಸಿನ ಕಾಲಿಗೂ ತನ್ನ ಕೈಗೂ ಒಂದು ದಾರ ಕಟ್ಟಿಕೊಂಡೇ ಮಲಗುತ್ತಾಳೆ.

"ಆ ದಾರ ನೋಡಿದ ದಿನ ನನಗೆ ಊಟ ಸೇರಲಿಲ್ಲ ಕಣೇ" ಅಂದರು ಅತ್ತೆ.

ಪರೀಕ್ಷೆಗೆಂದು ತಂದಿದ್ದ ತೊಟ್ಟಿಲನ್ನು ಮಧ್ಯಾಹ್ನ ಸೆಲ್ವಿಯ ಮನೆಗೆ ವಾಪಸ್ ಸಾಗಿಸಿದೆವು. ಹಬ್ಬಿಗೆ ಅತ್ತೆ ಮನೆಯ ವೈಫೈ ಗೋಡೆ ದಾಟಿ ಸಿಗುತ್ತಿತ್ತು. ಹಾಸಿಗೆಯಡಿ ಸೆನ್ಸರ್, ಹೊಲಿಗೆ ಯಂತ್ರದ ಮುಂದೊಂದು ಬಲ್ಬು, ಹಿತ್ತಲ ಬಾಗಿಲಲ್ಲೊಂದು. ಸೆಲ್ವಿ ಯಂತ್ರದ ಮುಂದೆ ಕೂತು ಪೆಡಲ್ ತುಳಿದಳು. ಬಲ್ಬು ಹತ್ತಿತು! ಓಡಿದಳು. ಕೂಸು ಗಾಢ ನಿದ್ದೆಯಲ್ಲಿದೆ. ಬಂದು ತುಳಿದಳು. ಬಲ್ಬು! ಓಡಿದಳು. ನಿದ್ದೆ! ಐದನೇ ಓಟಕ್ಕೆ ಅವಳು ಅತ್ತೆಯತ್ತ ನೋಡಿ ಹಣೆಯ ಪಕ್ಕ ಬೆರಳು ತಿರುಗಿಸಿ, ತಕ್ಷಣ ಕೈಮುಗಿದಳು. ಹುಚ್ಚಿ, ಆದರೂ ನಮಸ್ಕಾರ!

ಅತ್ತೆ ನೆಲದ ಮೇಲೆ ಅಂಗೈ ಊರಿ ಕೂತರು. "ತುಳಿ" ಅಂತ ಸನ್ನೆ ಮಾಡಿದರು. ನಕ್ಕರು. ಯಂತ್ರದ ನಡುಕ ನೆಲದಗುಂಟ ತೊಟ್ಟಿಲಿಗೆ ಹೋಗುತ್ತಿತ್ತು. ಮಾವನ ಸೈಕಲ್ಲಿನ ಟ್ಯೂಬನ್ನು ಕತ್ತರಿಸಿ ಯಂತ್ರದ ನಾಲ್ಕು ಕಾಲಿಗೂ ಮೆಟ್ಟು ಹಾಕಿದರು. ("ಅದು ಚೆನ್ನಾಗಿದ್ದ ಟ್ಯೂಬು!" ಅಂತ ಮಾವ ಕೂಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.) ಈಗ ಯಂತ್ರ ಓಡಿತು, ಬಲ್ಬು ಸುಮ್ಮನಿತ್ತು. ಎಲ್ಲರೂ ಕಾದೆವು. ಕೂಸು ಎಚ್ಚರಾಗಿ ಕಾಲು ಝಾಡಿಸಿ ರಾಗ ಎಳೆಯಿತು. ಬಲ್ಬು ಹತ್ತಿತು. ಬೆನ್ನು ಹಾಕಿ ಕೂತಿದ್ದ ಸೆಲ್ವಿ ಬಲ್ಬು ನೋಡಿದಳು, ಎದ್ದಳು, ಹೋಗಿ ಮಗಳನ್ನು ಎತ್ತಿಕೊಂಡಳು. ಯಾರೂ ಕರೆಯದೆ, ಯಾರೂ ತೋರಿಸದೆ, ಮಗಳು ಅತ್ತದ್ದು ತಾಯಿಗೆ ಗೊತ್ತಾಯಿತು! ಮಾವ ಟ್ಯೂಬಿನ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ವಾರ ಹಪ್ಪಳ ಕೊಡಲು ಹೋದೆ. ಮಟಮಟ ಮಧ್ಯಾಹ್ನ, ಅತ್ತೆ ಮನೆಯಲ್ಲಿಲ್ಲ. ಸೆಲ್ವಿ ಮನೆಯಲ್ಲಿ ಇಣುಕಿದೆ. ಸೆಲ್ವಿ ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದಾಳೆ. ತಲೆಯ ಹತ್ತಿರ ಬಲ್ಬಿದೆ. ಅತ್ತೆ ಮಾತ್ರ ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು, ಬೆವರುತ್ತಾ, ಅಲುಗಾಡದೆ ಕೂತಿದ್ದಾರೆ.

"ಮತ್ತೆ ಕೆಟ್ಟಿತಾ ಅತ್ತೆ?" ಪಿಸುಗುಟ್ಟಿದೆ.

"ಇಲ್ಲ, ಚೆನ್ನಾಗಿದೆ. ಅದೇ ಕಷ್ಟ. ಕೂಸು ಚೂರು ಮಿಸುಕಿದ್ರೂ ಬಲ್ಬು ಹತ್ತುತ್ತೆ, ಇವಳು ಎದ್ದುಬಿಡ್ತಾಳೆ. ಹೆತ್ತ ಮೇಲೆ ಇವತ್ತೇ ಕಣೇ ಇವಳು ಹೀಗೆ ಮಲಗಿರೋದು." ಬೆವರು ಕಣ್ಣಿಗಿಳಿಯುತ್ತಿದ್ದರೂ ಅತ್ತೆ ಕೈ ತೆಗೆಯಲಿಲ್ಲ. "ಅದಕ್ಕೇ ಅಲ್ಲಾಡದಂಗೆ ಹಿಡ್ಕೊಂಡಿದೀನಿ."

ನಾನು ಹಪ್ಪಳದ ಚೀಲ ಕೆಳಗಿಟ್ಟು, ಸದ್ದಾಗದಂತೆ ಒಳಗೆ ಹೋಗಿ, ತೊಟ್ಟಿಲಿನ ಇನ್ನೊಂದು ತುದಿ ಹಿಡಿದು ಕೂತೆ.