ಕುಡಿಯದ ಧರ್ಣಪ್ಪ

ಎಲ್ಲದಕ್ಕೂ ಮೂಲ ಒಂದು ಶೀತ. ಸೋಮವಾರ ಬೆಳಿಗ್ಗೆ ಧರ್ಣಪ್ಪ ಎದ್ದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರೆ ಹೊರಗೆ ಬಂದದ್ದು ಬರೀ ಗಾಳಿ. ಬೇರೆ ದಿನವಾಗಿದ್ದರೆ ಅವನಿಗೆ ಚಿಂತೆಯಿರಲಿಲ್ಲ. ಬಸ್ಸು ಓಡಿಸುವವನಿಗೆ ಗಂಟಲು ಯಾಕೆ, ಹಾರ್ನ್ ಇದ್ದರೆ ಸಾಕು. ಆದರೆ ಅಂದು ಮಧ್ಯಾಹ್ನ ಮೂರಕ್ಕೆ ಮೂಡಬಿದ್ರೆಯಲ್ಲಿ ಪಾನನಿರೋಧ ಸಪ್ತಾಹದ ಸಭೆಯಿತ್ತು. ಅಲ್ಲಿ ಅವನಿಗೆ ಒಂದು ಶಾಲು ಹೊದೆಸುವವರಿದ್ದರು, ಅವನು ನಾಲ್ಕು ಮಾತು ಆಡಬೇಕಿತ್ತು.

ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿದ್ದ ಕಾಲ ಅದು. ಕುಡಿಯುವವರು ಗುಡ್ಡೆಯ ಹಿಂದೆ ಹೋಗಿ ಕುಡಿಯುತ್ತಿದ್ದರು, ಕುಡಿಯದವರು ಪೇಟೆಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದರು. ಧರ್ಣಪ್ಪ ಎರಡನೆಯ ಜಾತಿ. ಬಂಟ್ವಾಳ–ಮೂಡಬಿದ್ರೆ ಬಸ್ಸಿನ ಸ್ಟೇರಿಂಗ್ ಹಿಡಿದು ಹನ್ನೆರಡು ವರ್ಷವಾದರೂ ಒಂದು ತೊಟ್ಟು ಮುಟ್ಟಿದವನಲ್ಲ. ನಿಜ ಹೇಳಬೇಕೆಂದರೆ ಇದರಲ್ಲಿ ಅವನ ಸಾಧನೆಯೇನೂ ಇರಲಿಲ್ಲ. ಕಳ್ಳಿನ ವಾಸನೆ ಬಂದರೆ ಸಾಕು, ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಆದರೆ ತನ್ನಿಂದ ಆಗದ್ದನ್ನು ತಾನಾಗಿ ಬಿಟ್ಟೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವುಂಟು, ಆ ಸುಖವನ್ನು ಅವನು ಧಾರಾಳವಾಗಿ ಉಂಡಿದ್ದ. ಈಗ ಅದಕ್ಕೆ ಫಲವೂ ಬರುವುದರಲ್ಲಿತ್ತು. ಬಸ್ಸಿನ ಧಣಿ ರಮಾನಾಥ ಶೆಟ್ಟರು ಮಂಗಳೂರು ಲೈನಿಗೆ ಹೊಸ ಬಸ್ಸು ತರಿಸಿದ್ದರು. ಅದರ ಕೀಲಿಕೈಯನ್ನು ಶಾಲಿನ ಜೊತೆಗೆ ಅದೇ ವೇದಿಕೆಯಲ್ಲಿ ಧರ್ಣಪ್ಪನ ಕೈಗೆ ಕೊಡುತ್ತೇನೆಂದು ಊರಿಗೆಲ್ಲ ಹೇಳಿಯೂ ಬಿಟ್ಟಿದ್ದರು.

ಬಾವಿಕಟ್ಟೆಯಲ್ಲಿ ಅವನ ಮೂಕಾಭಿನಯ ನೋಡಿ ಪಕ್ಕದ ಮನೆಯ ನೀಲಾವತಿಯಕ್ಕ ಒಂದು ಬಾಟ್ಲಿ ತಂದಳು. ಮಗಳ ಬಾಣಂತನಕ್ಕೆ ತಂದು ಮಿಕ್ಕಿದ ದಶಮೂಲಾರಿಷ್ಟ, ಬೆಲ್ಲ ಹಾಕಿ ತಿಂಗಳುಗಟ್ಟಲೆ ಹೂತಿಟ್ಟ ಬೇರಿನ ಕಷಾಯ. ಮಾಡಿದವರು ಬಂಟ್ವಾಳದ ಮಹಾಲಿಂಗೇಶ್ವರ ಪಂಡಿತರು, ಪಾನನಿರೋಧ ಸಮಿತಿಯ ಸಾಕ್ಷಾತ್ ಅಧ್ಯಕ್ಷರು. ಎರಡು ಚಮಚ, ಸಮಪಾಲು ನೀರು ಎಂದು ಚೀಟಿಯಲ್ಲಿ ಬರೆದದ್ದನ್ನು ಧರ್ಣಪ್ಪ ಬೆರಳಿಟ್ಟು ತೋರಿಸಿದ.

"ಅದು ಬಾಣಂತಿಯರ ಲೆಕ್ಕ ಮಾರಾಯ್ರೆ," ಎಂದಳು ನೀಲಾವತಿಯಕ್ಕ. "ನಿಮ್ಮ ಗಾತ್ರಕ್ಕೆ ಎರಡು ಚಮಚ ಎಲ್ಲಿಗೆ ಸಾಕು? ಲೋಟ ತನ್ನಿ."

ಹೆಂಡತಿ ತವರಿಗೆ ಹೋಗಿದ್ದರಿಂದ ಗಂಜಿ ಬೆಂದಿರಲಿಲ್ಲ. ಖಾಲಿ ಹೊಟ್ಟೆಗೆ ಒಂದು ಲೋಟ ಇಳಿಯಿತು. ಬೆಲ್ಲದ ಸಿಹಿ, ಲವಂಗದ ಘಮ, ಎದೆಯಲ್ಲಿ ಬಿಸಿ. ಐದು ನಿಮಿಷದಲ್ಲಿ ಗಂಟಲು ಬಿಟ್ಟಿತು. ಇಷ್ಟು ಒಳ್ಳೆಯ ಮದ್ದನ್ನು ಬಾಣಂತಿಯರಿಗೆ ಮಾತ್ರ ಕೊಡುವುದು ಅನ್ಯಾಯ ಎನ್ನಿಸಿ ಬಾಟ್ಲಿಯನ್ನು ಜೊತೆಗೇ ಒಯ್ದ. ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸುಬ್ಬಪ್ಪ ತನಗೂ ಮೂಗು ಕಟ್ಟಿದೆ ಎಂದ. ಉಳಿದದ್ದನ್ನು ಇಬ್ಬರೂ ಸಮಪಾಲು ಮಾಡಿ ಮುಗಿಸಿದರು. ನೀರನ್ನು ಮಾತ್ರ ಮರೆತರು.

ಬಸ್ಸು ಪೇಟೆ ದಾಟುವ ಮೊದಲೇ ಸುಬ್ಬಪ್ಪ ಅಳತೊಡಗಿದ. ಒಂದೊಂದು ಟಿಕೇಟು ಹರಿಯುವಾಗಲೂ, ನೀವೆಲ್ಲ ನಿಮ್ಮ ನಿಮ್ಮ ಊರಲ್ಲಿ ಇಳಿದು ಹೋಗುತ್ತೀರಿ, ನಾನು ಮಾತ್ರ ಎಲ್ಲಿಯೂ ಇಳಿಯುವ ಹಾಗಿಲ್ಲ ಎಂದು ಪ್ರಯಾಣಿಕರ ಕೈ ಹಿಡಿದುಕೊಂಡ. ಸತ್ತವರ ಮನೆಗೆ ಬಂದವರಂತೆ ಅವರು ಅವನನ್ನು ಸಮಾಧಾನ ಮಾಡಿದರು.

ಧರ್ಣಪ್ಪನಿಗೆ ಅಳು ಬರಲಿಲ್ಲ, ನಗು ಬರಲಿಲ್ಲ. ಅವನಿಗೆ ಬಂದದ್ದು ಜ್ಞಾನೋದಯ. ತನ್ನಂಥ ಡ್ರೈವರ್ ತುಳುನಾಡಿನಲ್ಲಿ ಇನ್ನೊಬ್ಬನಿಲ್ಲ ಎಂಬುದು ಇಷ್ಟು ವರ್ಷ ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ರಸ್ತೆ ಅಗಲವಾದಂತೆ ಕಂಡಿತು, ತಿರುವುಗಳು ತಾವೇ ನೆಟ್ಟಗಾದವು. ಸಿದ್ಧಕಟ್ಟೆ ದಾಟುವಾಗ ಭಾಷಣದ ಅಭ್ಯಾಸ ಶುರುಮಾಡಿದ. "ಮಹನೀಯರೇ, ಕುಡಿದು ಗಾಡಿ ಓಡಿಸುವವನು ಯಮಲೋಕದ ಬಸ್ಸಿನ ಡ್ರೈವರ್" ಎಂಬ ವಾಕ್ಯಕ್ಕೆ ಎರಡು ಕೈ ಎತ್ತಿದರೆ ಚೆನ್ನಾಗಿರುತ್ತದೆ ಎನ್ನಿಸಿತು, ಎತ್ತಿದ.

ಎದುರು ಸೀಟಿನಲ್ಲಿ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಕುಳಿತಿದ್ದ ಅವ್ವಮ್ಮ ಎಂಬ ಬ್ಯಾರಿ ಮುದುಕಿ, ಮಗನಿಗೆ ಹೇಳುವಂತೆ, ಮುಂದಕ್ಕೆ ಬಗ್ಗಿದಳು.

"ಮೋನೇ, ಭಾಷಣ ಮೂಡಬಿದ್ರೆಯಲ್ಲಿ ಮಾಡು. ಇಲ್ಲಿ ರಸ್ತೆ ನೋಡಿ ಬಸ್ಸು ಬಿಡು."

"ಹೆದರಬೇಡಿ ಅವ್ವಮ್ಮ, ಈ ರಸ್ತೆ ನನಗೆ ಕಣ್ಣು ಮುಚ್ಚಿದರೂ ಬರ್ತದೆ," ಎಂದು ಧರ್ಣಪ್ಪ ಅವಳ ಕಡೆ ತಿರುಗಿ ನಕ್ಕ. ಮತ್ತೆ ರಸ್ತೆಯ ಕಡೆ ತಿರುಗಿದಾಗ ರಸ್ತೆ ಅಲ್ಲಿರಲಿಲ್ಲ. ಅದು ಎಡಕ್ಕೆ ಹೋಗಿತ್ತು, ಬಸ್ಸು ನೇರ ಹೋಗಿತ್ತು. ಬ್ರೇಕ್ ಎಂದು ತುಳಿದದ್ದು ಆಕ್ಸಿಲರೇಟರನ್ನು. ಬೇಲಿ ಮುರಿದು, ಒಟ್ಟಿಟ್ಟ ಹುಲ್ಲಿನ ಕುತ್ತರಿಯೊಂದನ್ನು ಹೊತ್ತುಕೊಂಡು, ಎರಡು ಗದ್ದೆಗಳ ನಡುವಿನ ಹುಣಿಯ ಮೇಲೆ ಕುಪ್ಪಳಿಸಿ ಬಸ್ಸು ಯಾರದೋ ಮನೆಯ ಬಾವಿಯ ಹತ್ತಿರ ಕೆಸರಲ್ಲಿ ಹೂತು ನಿಂತಿತು. ಬಾವಿಕಟ್ಟೆಗೂ ಮುಂದಿನ ಚಕ್ರಕ್ಕೂ ಒಂದು ಗೇಣು ಅಂತರ. ನೀರು ಸೇದುತ್ತಿದ್ದ ಹೆಂಗಸು ಹಗ್ಗ ಬಿಟ್ಟು ಓಡಿದ್ದಳು. ಅವಳ ತಾಮ್ರದ ಕೊಡ ಚಕ್ರದ ಅಡಿಯಲ್ಲಿ ಅಪ್ಪಚ್ಚಿಯಾಗಿ ರೊಟ್ಟಿಯಂತಾಗಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ಜನ ಬ್ರೇಕಿಗೆ ಬೈದು, ದೇವರಿಗೆ ಕೈಮುಗಿದು, ಬಸ್ಸನ್ನು ಹಿಂದಕ್ಕೆ ದೂಡತೊಡಗಿದರು. ಅವ್ವಮ್ಮ ಮಾತ್ರ ಧರ್ಣಪ್ಪನ ಮುಖದ ಹತ್ತಿರ ಮೂಗು ತಂದಳು.

"ಏನು ಕುಡಿದೆ?"

"ಶೀತದ ಮದ್ದು."

"ನನ್ನ ಗಂಡನೂ ಹಾಗೇ ಹೇಳ್ತಿದ್ದ," ಎಂದು ಅವಳು ಕೋಳಿಬುಟ್ಟಿ ಎತ್ತಿಕೊಂಡು ಮೂಡಬಿದ್ರೆಯ ಕಡೆ ನಡೆದೇ ಹೊರಟಳು.

ಧರ್ಣಪ್ಪ ಆ ಕೊಡವನ್ನೇ ನೋಡುತ್ತ ನಿಂತ. ಕೊಡದ ಜಾಗದಲ್ಲಿ ಆ ಹೆಂಗಸಿನ ತಲೆ ಇರಬಹುದಿತ್ತು. ಹನ್ನೆರಡು ವರ್ಷದಿಂದ ಕುಡುಕರನ್ನು ಹೀಯಾಳಿಸಿದ ಬಾಯಿಯಲ್ಲಿ ಈಗ ಕುಡುಕನದೇ ವಾಸನೆ. ತನ್ನ ಮೇಲೆ ತನಗೇ ಅಸಹ್ಯವಾಯಿತು. ತಲೆಗೆ ಬಾವಿಯ ನೀರು ಸುರಿದುಕೊಂಡು ಎರಡು ಗಂಟೆ ಅಲ್ಲೇ ಕುಳಿತ. ನೆತ್ತಿ ತಣ್ಣಗಾದ ಮೇಲೆ ಎತ್ತಿನ ಗಾಡಿಯ ವೇಗದಲ್ಲಿ ಬಸ್ಸು ಮೂಡಬಿದ್ರೆ ಸೇರಿತು.

ಸಭೆಯಲ್ಲಿ ಪಂಡಿತರ ಭಾಷಣ ನಡೆಯುತ್ತಿತ್ತು. ಮದ್ಯ ಒಬ್ಬೊಬ್ಬನಿಗೆ ಒಂದೊಂದು ಥರ ಹತ್ತುತ್ತದೆ, ಒಬ್ಬ ಅಳುತ್ತಾನೆ, ಒಬ್ಬ ನಗುತ್ತಾನೆ, ಒಬ್ಬ ಹೊಡೆದಾಡುತ್ತಾನೆ ಎಂದು ಅವರು ವಿವರಿಸುತ್ತಿದ್ದರು. "ಆದರೆ ಎಲ್ಲರಿಗಿಂತ ಅಪಾಯದವನು ನಾಲ್ಕನೆಯವ. ಅವನು ತನಗೆ ಏನೂ ಆಗಿಲ್ಲ ಅಂತ ಹೇಳ್ತಾನೆ." ಧರ್ಣಪ್ಪ ತಲೆ ತಗ್ಗಿಸಿದ. ಅಳುವವನು ಕಂಬದ ಹಿಂದೆ ಟಿಕೇಟಿನ ಚೀಲ ತಬ್ಬಿಕೊಂಡು ನಿದ್ದೆ ಮಾಡುತ್ತಿದ್ದ.

ಶಾಲು ಹೊದೆಸಿದರು. ಧಣಿಗಳು ಕೀಲಿಕೈ ಅಂಗೈಯಲ್ಲಿಟ್ಟರು. ಸುಮ್ಮನೆ ಮುಷ್ಟಿ ಮುಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಆ ಚಪ್ಪಟೆ ಕೊಡ ಕಣ್ಣ ಮುಂದಿನಿಂದ ಹೋಗಲೊಲ್ಲದು.

"ನಾನು ಇವತ್ತು ಕುಡಿದು ಬಸ್ಸು ಓಡಿಸಿದ್ದೇನೆ. ಒಬ್ಬಳು ಹೆಂಗಸು ಸಾಯ್ಲಿಕ್ಕಿತ್ತು," ಎಂದ ಧರ್ಣಪ್ಪ. "ಕುಡಿದದ್ದು ಪಂಡಿತರ ಅರಿಷ್ಟ. ಎಲ್ಲರೂ ಜಾಗ್ರತೆ ಮಾಡಿ, ಅದರಲ್ಲಿ ಅಮಲು ಉಂಟು."

ಪಂಡಿತರು ಸಿಟ್ಟಾಗಲಿಲ್ಲ. ಮುಗುಳ್ನಕ್ಕು, ತಮ್ಮ ಚೀಲದಿಂದ ಒಂದು ತುಂಬು ಬಾಟ್ಲಿ ತೆಗೆದು ಮುಚ್ಚಳ ಬಿಚ್ಚಿ, ಸಭೆಯ ಎದುರಿಗೇ ಗಟಗಟನೆ ಕುಡಿದು ಬರಿದು ಮಾಡಿದರು. ಆಮೇಲೆ ಗಡಿಯಾರ ಮೇಜಿನ ಮೇಲಿಟ್ಟು ಅರ್ಧ ಗಂಟೆ ಎಲ್ಲರನ್ನೂ ಕಾಯಿಸಿದರು. ಎದ್ದು ಉದ್ದವಾದ ಸಂಸ್ಕೃತ ಶ್ಲೋಕವೊಂದನ್ನು ತಪ್ಪಿಲ್ಲದೆ ಹೇಳಿದರು. ವೇದಿಕೆಯ ಅಂಚಿನ ಹಲಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನೂಲು ಹಿಡಿದಂತೆ ನಡೆದರು.

"ಮೂವತ್ತು ವರ್ಷದಿಂದ ಎರಡು ಹೊತ್ತೂ ಊಟ ಆದ ಕೂಡಲೇ ಒಂದೊಂದು ಬಾಟ್ಲಿ ತೆಗೊಳ್ತೇನೆ," ಎಂದರು. "ನನಗೆ ಏನೂ ಆಗಿಲ್ಲ."

ಚಪ್ಪಾಳೆ ಐದು ನಿಮಿಷ ನಿಲ್ಲಲಿಲ್ಲ. ಗುಡ್ಡೆಯ ಹಿಂದೆ ಕುಡಿದು ಬಂದು ತಪ್ಪನ್ನು ಬಾಣಂತಿಯರ ಮದ್ದಿನ ಮೇಲೆ ಹಾಕುವುದಾ ಎಂದು ಹಿಂದಿನ ಬೆಂಚಿನವರು ಎದ್ದು ನಿಂತರು. ಧಣಿಗಳು ಕೀಲಿಕೈ ವಾಪಸು ತೆಗೆದುಕೊಂಡರು, ಶಾಲನ್ನು ಸಮಿತಿಯವರು ಮಡಚಿಟ್ಟರು. ಪೊಲೀಸಿಗೆ ಕೊಡುವ ಮಾತೂ ಬಂತು. ಪಂಡಿತರೇ ದೊಡ್ಡ ಮನಸ್ಸು ಮಾಡಿ ತಡೆದರು, ಪಾಪ, ಸತ್ಯ ಒಪ್ಪಿಕೊಂಡಿದ್ದಾನೆ, ಸುಧಾರಿಸುವ ಆಸಾಮಿ ಎಂದರು. ಮತ್ತೆ ಚೀಲಕ್ಕೆ ಕೈಹಾಕಿ ಇನ್ನೊಂದು ಬಾಟ್ಲಿಯನ್ನು ಧಣಿಗಳ ಕೈಗಿತ್ತರು.

"ಕುಡಿತ ಬಿಡಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ ಶೆಟ್ರೇ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ."

ಧಣಿಗಳು ಅದನ್ನು ಶಿರಸಾವಹಿಸಿದರು. ಮರುದಿನ ಬೆಳಿಗ್ಗೆ ಬಂಟ್ವಾಳದ ಆಫೀಸಿನಲ್ಲಿ ಮೇಜಿನ ಮೇಲೆ ತುಂಬಿದ ಲೋಟ, ಪಕ್ಕದಲ್ಲಿ ಹಳೇ ಬಸ್ಸಿನ ಕೀಲಿಕೈ ಇಟ್ಟುಕೊಂಡು ಕುಳಿತಿದ್ದರು.

"ನನ್ನ ಎದುರೇ ಕುಡಿ. ಆಮೇಲೆ ಬಸ್ಸು ತೆಗಿ."

ಧರ್ಣಪ್ಪ ಲೋಟ ನೋಡಿದ, ಕೀಲಿಕೈ ನೋಡಿದ. ಹೊರಗೆ ಬಸ್ಸಿನಲ್ಲಿ ಜನ ತುಂಬಿದ್ದರು. ಧಣಿಗಳಿಗೆ ಕೈಮುಗಿದು, ಎರಡನ್ನೂ ಮುಟ್ಟದೆ ಪಾಣೆಮಂಗಳೂರಿನ ದಾರಿ ಹಿಡಿದು ಮನೆಗೆ ನಡೆದ.

ಕುಡಿತ ಬಿಡಲಾಗದೆ ಬಸ್ಸನ್ನೇ ಬಿಟ್ಟ ಎಂದು ಜನ ಇಂದಿಗೂ ಅವನ ಕತೆ ಹೇಳುತ್ತಾರೆ.